ಹುಚ್ಚಿನ ಬೇರಿನಿಂದ ಬಿಪಿ ಮಾತ್ರೆಗೆ

1945ರ ಏಪ್ರಿಲ್ 12. ಅಮೆರಿಕದ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಅನ್ನೋ ಊರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಕುರ್ಚಿಯಲ್ಲಿ ಕೂತು ಕಾಗದಪತ್ರ ನೋಡುತ್ತಿದ್ದರು. ಎದುರಿಗೆ ಚಿತ್ರಕಾರರೊಬ್ಬರು ಅವರ ಭಾವಚಿತ್ರ ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ತಲೆಯಲ್ಲಿ ವಿಪರೀತ ನೋವು ಅಂದರು, ಕುಸಿದರು. ಡಾಕ್ಟರು ಓಡಿಬಂದು ಬಿಪಿ ನೋಡಿದರೆ 300/190. ಅಂದು ಮಧ್ಯಾಹ್ನವೇ ಅವರು ತೀರಿಹೋದರು. ಮೆದುಳಿನಲ್ಲಿ ರಕ್ತಸ್ರಾವ.

ಇದು ಅನಿರೀಕ್ಷಿತವಾಗಿ ಬಂದದ್ದೇನಲ್ಲ. ಹಿಂದಿನ ವರ್ಷದ ಮಾರ್ಚ್‌ನಲ್ಲೇ ಹೃದ್ರೋಗ ತಜ್ಞ ಹೊವರ್ಡ್ ಬ್ರೂಯೆನ್ ಪರೀಕ್ಷೆ ಮಾಡಿದಾಗ 186/108 ಇತ್ತು. ಇವತ್ತು ನಿಮ್ಮ ಆಫೀಸಿನ ಹೆಲ್ತ್ ಕ್ಯಾಂಪಿನಲ್ಲಿ ಯಾರಿಗಾದ್ರೂ ಈ ಸಂಖ್ಯೆ ಬಂದರೆ ಅಲ್ಲೇ ಕೂರಿಸಿಕೊಂಡು ಮಾತ್ರೆ ಬರೆದುಕೊಡ್ತಾರೆ. ಜಗತ್ತಿನ ಅತ್ಯಂತ ಶಕ್ತಿಶಾಲಿ ಮನುಷ್ಯನಿಗೆ ಅಂದು ಸಿಕ್ಕಿದ್ದು ಏನು ಗೊತ್ತಾ? ಹೃದಯಕ್ಕೆ ಡಿಜಿಟಾಲಿಸ್, ನಿದ್ದೆಗೆ ಒಂದಿಷ್ಟು ಔಷಧ, ಉಪ್ಪು ಕಡಿಮೆ ಮಾಡಿ, ಸಿಗರೇಟು ಕಡಿಮೆ ಮಾಡಿ, ವಿಶ್ರಾಂತಿ ತಗೊಳ್ಳಿ ಅನ್ನೋ ಸಲಹೆ. ಬಿಪಿ ಇಳಿಸೋಕೆ ಅಂತ ನಂಬಿಕೊಳ್ಳಬಹುದಾದ ಒಂದು ಮಾತ್ರೆಯೂ ಅವರ ಡಾಕ್ಟರ ಕೈಯಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ ಬಾಂಬೆ, ಕಲ್ಕತ್ತ, ಡೆಹ್ರಾಡೂನ್‌ಗಳಲ್ಲಿ ಅಂಥ ಮಾತ್ರೆ ಇತ್ತು. ಮಾತ್ರೆಯೊಳಗಿದ್ದದ್ದು ಒಂದು ಬೇರಿನ ಪುಡಿ.

ಇದು ಆ ಬೇರಿನ ಕಥೆ. ಹಾಗಂತ "ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು" ಅನ್ನೋ ಕಥೆಯಲ್ಲ. "ಹಿರಿಯರದ್ದೆಲ್ಲ ಬರೀ ಬೊಗಳೆ" ಅನ್ನೋ ಕಥೆಯೂ ಅಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಈ ಎರಡೂ ಪಕ್ಷದವರು ದಿನಬೆಳಗಾದ್ರೆ ಜಗಳ ಆಡ್ತಾರಲ್ಲ, ಇಬ್ಬರಿಗೂ ಸ್ವಲ್ಪ ಇರುಸುಮುರುಸು ಮಾಡೋ ಕಥೆ ಇದು.

ಗಿಡ ಯಾವುದು?

ಸರ್ಪಗಂಧ. ಕನ್ನಡದಲ್ಲಿ ಸೂತ್ರನಾಭಿ ಅಂತಲೂ ಕರೀತಾರೆ. ಮೊಣಕಾಲೆತ್ತರದ ಪುಟ್ಟ ಗಿಡ. ಒಂದೊಂದು ಗೆಣ್ಣಿನಲ್ಲಿ ಮೂರು ಮೂರು ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದರೆ ಕಪ್ಪಗಾಗುವ ಚಿಕ್ಕ ಹಣ್ಣು. ಹಿಮಾಲಯದ ತಪ್ಪಲಿನಿಂದ ನಮ್ಮ ಪಶ್ಚಿಮ ಘಟ್ಟದವರೆಗೆ ಕಾಡಿನ ನೆರಳಲ್ಲಿ ಬೆಳೆಯುತ್ತೆ. ಅಂಗಳದ ಕಣಗಿಲೆ, ದೇವರ ಪೂಜೆಯ ನಂದಿಬಟ್ಟಲು, ಬೇಲಿ ಪಕ್ಕದ ನಿತ್ಯಪುಷ್ಪ, ಎಲ್ಲವೂ ಇದರ ದಾಯಾದಿಗಳು. ಈ ಕುಟುಂಬವೇ ಹಾಗೆ, ನೋಡೋಕೆ ಸಾಧು, ಒಳಗೆ ರಾಸಾಯನಿಕಗಳ ಕಾರ್ಖಾನೆ. ಕಣಗಿಲೆ ವಿಷ. ನಿತ್ಯಪುಷ್ಪದಿಂದ ರಕ್ತ ಕ್ಯಾನ್ಸರಿನ ಔಷಧ ಬಂದಿದೆ.

ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರು ರಾವುಲ್ಫಿಯಾ ಸರ್ಪೆಂಟೈನಾ. ಈ ಹೆಸರಿನ ಹಿಂದೆ ಒಂದು ತಮಾಷೆ ಇದೆ. ಲಿಯೊನಾರ್ಡ್ ರಾವುಲ್ಫ್ ಅನ್ನುವವನು 16ನೇ ಶತಮಾನದ ಜರ್ಮನ್ ವೈದ್ಯ. ಔಷಧಿ ಗಿಡಗಳನ್ನು ಹುಡುಕಿಕೊಂಡು 1573ರಲ್ಲಿ ಹೊರಟು ಸಿರಿಯಾ, ಇರಾಕ್ ಕಡೆಯೆಲ್ಲ ಸುತ್ತಿದ. ಅಲೆಪ್ಪೊದಲ್ಲಿ ಜನ ಬೆಳಗ್ಗೆ ಕೂತು ಕುಡಿಯೋ ಕಪ್ಪು ಕಷಾಯದ ಬಗ್ಗೆ ಬರೆದ; ಕಾಫಿಯ ಬಗ್ಗೆ ಯುರೋಪಿನಲ್ಲಿ ಅಚ್ಚಾದ ಮೊದಮೊದಲ ವರ್ಣನೆಗಳಲ್ಲಿ ಅದೂ ಒಂದು. ಆದರೆ ಅವನು ಇಂಡಿಯಾಕ್ಕೆ ಬರಲೇ ಇಲ್ಲ, ಸರ್ಪಗಂಧವನ್ನು ನೋಡಲೇ ಇಲ್ಲ. ಅವನು ಸತ್ತು ನೂರು ವರ್ಷ ದಾಟಿದ ಮೇಲೆ, 1703ರಲ್ಲಿ, ಫ್ರೆಂಚ್ ಸಸ್ಯಶಾಸ್ತ್ರಜ್ಞ ಷಾರ್ಲ್ ಪ್ಲುಮಿಯೆ ಗೌರವಕ್ಕಾಗಿ ಈ ಗಿಡಗಳ ಕುಲಕ್ಕೆ ಅವನ ಹೆಸರಿಟ್ಟ. ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು. ಈ ಕಥೆಯಲ್ಲಿ ಇದು ಮತ್ತೆ ಮತ್ತೆ ಆಗುತ್ತೆ.

ಹಾವು, ಮುಂಗುಸಿ ಮತ್ತು ಹುಚ್ಚು

ಹೆಸರಲ್ಲೇ ಹಾವಿದೆ. ನಾಗರಹಾವಿನ ಜೊತೆ ಕಾದಾಡುವ ಮೊದಲು ಮುಂಗುಸಿ ಈ ಗಿಡವನ್ನು ತಿಂದು ಬರುತ್ತೆ ಅನ್ನೋ ಕಥೆ ನೀವು ಕೇಳಿರಬಹುದು. ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಹಾವಿನ ವಿಷಕ್ಕೆ ಮದ್ದಾಗುವ ಬೇರಿನ ಮಾತಿದೆ. ಹಳೆಯ ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಬರುವ ಸರ್ಪಗಂಧ ಇದೇ ಗಿಡವೋ ಬೇರೆಯೋ ಅನ್ನೋದು ವಿದ್ವಾಂಸರ ನಡುವೆ ಚರ್ಚೆಯಲ್ಲಿರೋ ವಿಷಯ. ಜನಬಳಕೆಯಲ್ಲಂತೂ ಇದು ಹಾವು ಕಡಿತಕ್ಕೆ, ಚೇಳು ಕಡಿತಕ್ಕೆ, ಜ್ವರಕ್ಕೆ, ಹೊಟ್ಟೆನೋವಿಗೆ, ಹೆರಿಗೆಗೆ, ಹೀಗೆ ಹತ್ತಾರು ಕಾಯಿಲೆಗೆ ಬಳಕೆಯಲ್ಲಿತ್ತು.

ಬಿಹಾರದ ಕಡೆ ಮಾತ್ರ ಇದಕ್ಕೆ ಬೇರೆಯೇ ಹೆಸರು: ಪಾಗಲ್ ಕಿ ದವಾ. ಹುಚ್ಚಿಗೆ ಮದ್ದು. ಸಂತೆಯಲ್ಲಿ ಈ ಬೇರನ್ನು ಆ ಹೆಸರಲ್ಲೇ ಮಾರುತ್ತಿದ್ದರು. ಕೂಗಾಡುವವರನ್ನು ಶಾಂತ ಮಾಡೋಕೆ, ನಿದ್ದೆ ಬಾರದವರಿಗೆ ನಿದ್ದೆ ತರಿಸೋಕೆ ಕೊಡುತ್ತಿದ್ದರು. ಹಟ ಮಾಡೋ ಮಕ್ಕಳಿಗೂ ಕೊಟ್ಟು ಮಲಗಿಸುತ್ತಿದ್ದ ತಾಯಂದಿರಿದ್ದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಈ ಪಟ್ಟಿಯಲ್ಲಿ ಹಾವು ಕಡಿತ ಇದೆ, ಹುಚ್ಚು ಇದೆ. ಮೊದಲನೆಯದು ಸುಳ್ಳು; ಈ ಬೇರು ನಾಗರಹಾವಿನ ವಿಷ ಇಳಿಸೋದಿಲ್ಲ, ಆಸ್ಪತ್ರೆಯ ವಿಷನಿರೋಧಕ ಇಂಜೆಕ್ಷನ್ನೇ ಗತಿ. ಎರಡನೆಯದು ನಿಜ ಅಂತ ಆಮೇಲೆ ಸಾಬೀತಾಯ್ತು. ಒಂದೇ ಪರಂಪರೆ, ಒಂದೇ ಬೇರು. ಒಂದು ಮಾತು ಸರಿ, ಇನ್ನೊಂದು ತಪ್ಪು. ಅಜ್ಜಿ ಹೇಳಿದ್ದು ಅನ್ನೋ ಕಾರಣಕ್ಕೆ ಯಾವುದು ಸರಿ ಯಾವುದು ತಪ್ಪು ಅಂತ ಗೊತ್ತಾಗೋದಿಲ್ಲ. ಪರೀಕ್ಷೆ ಮಾಡಬೇಕು.

ಮೂರನೆಯದು ಬಿಪಿ. ಅದು ಹಳೆಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ! ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೊಚ್ಚಿ ಮುಂದಿಟ್ಟಿದ್ದು 1896ರಲ್ಲಿ. ಸ್ಟೆತಾಸ್ಕೋಪಿನಲ್ಲಿ ಆ ಟಪ್ ಟಪ್ ಶಬ್ದ ಕೇಳಿ ಮೇಲಿನ, ಕೆಳಗಿನ ಸಂಖ್ಯೆ ಎರಡನ್ನೂ ಓದುವ ವಿಧಾನವನ್ನು ರಷ್ಯಾದ ಕೊರೊಟ್ಕೊವ್ ಹೇಳಿಕೊಟ್ಟಿದ್ದು 1905ರಲ್ಲಿ. ಅಳತೆಯೇ ಇಲ್ಲದ ಕಾಯಿಲೆಗೆ ಮದ್ದು ಹುಡುಕೋದು ಹೇಗೆ? ಬೇರು ಸಾವಿರಾರು ಜನರ ಬಿಪಿ ಇಳಿಸಿರಬಹುದು, ಆದರೆ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

1931: ಒಂದೇ ವರ್ಷ, ಮೂರು ಊರು

ಈ ಕಥೆಯಲ್ಲಿ 1931 ಒಂದು ವಿಚಿತ್ರ ವರ್ಷ.

ಆ ವರ್ಷ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಜಾನ್ ಹೇ ಎಂಬ ಹೆಸರಾಂತ ವೈದ್ಯರು ಒಂದು ಮಾತು ಹೇಳಿದರು. ಬಿಪಿ ಹೆಚ್ಚಿರೋ ಮನುಷ್ಯನಿಗೆ ದೊಡ್ಡ ಅಪಾಯ ಅಂದರೆ ಅದು ಪತ್ತೆಯಾಗೋದು. ಯಾಕೆಂದರೆ ಆಮೇಲೆ ಯಾವನಾದರೂ ಮೂರ್ಖ ಅದನ್ನು ಇಳಿಸೋಕೆ ಹೊರಡುತ್ತಾನೆ, ಅಂತ. ಕೇಳಿದರೆ ನಗು ಬರುತ್ತೆ. ಆದರೆ ಆ ಕಾಲದ ತಿಳಿವಳಿಕೆಗೆ ಅದು ಹುಚ್ಚುಮಾತಾಗಿರಲಿಲ್ಲ. ಗಟ್ಟಿಯಾದ ರಕ್ತನಾಳಗಳ ಮೂಲಕ ರಕ್ತ ಹರಿಯಬೇಕಾದರೆ ಒತ್ತಡ ಹೆಚ್ಚಿರಲೇಬೇಕು, ಅದು ದೇಹವೇ ಮಾಡಿಕೊಂಡ ಅಡ್ಜಸ್ಟ್‌ಮೆಂಟು ಅಂತ ಅನೇಕ ವೈದ್ಯರು ನಂಬಿದ್ದರು. ಕಾರಣ ಗೊತ್ತಾಗದ ಬಿಪಿಗೆ ಇವತ್ತಿಗೂ ಡಾಕ್ಟರುಗಳು ಎಸೆನ್ಷಿಯಲ್ ಹೈಪರ್‌ಟೆನ್ಷನ್ ಅಂತಲೇ ಬರೀತಾರೆ. ಎಸೆನ್ಷಿಯಲ್ ಅಂದ್ರೆ ಅವಶ್ಯ!

ಅದೇ 1931ರಲ್ಲಿ ಕಲ್ಕತ್ತದಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಒಂದು ಲೇಖನ ಪ್ರಕಟಿಸಿದರು. ಸೇನ್ ಆಯುರ್ವೇದವನ್ನೂ ಪಾಶ್ಚಾತ್ಯ ವೈದ್ಯವನ್ನೂ ಬಲ್ಲ ಕವಿರಾಜರು, ಬೋಸ್ ಡಾಕ್ಟರು. ಸರ್ಪಗಂಧದ ಬೇರಿನ ಪುಡಿ ಹುಚ್ಚಿಗೂ ಆಗುತ್ತೆ, ಏರಿದ ರಕ್ತದೊತ್ತಡವನ್ನೂ ಇಳಿಸುತ್ತೆ ಅಂತ ತಲೆಬರಹದಲ್ಲೇ ಹೇಳಿದರು. ಹಳೆಯ ಬೇರನ್ನು ಹೊಸ ಅಳತೆಯಲ್ಲಿ ನೋಡಿದ್ದರಿಂದ ಸಿಕ್ಕ ಫಲ ಇದು. ಆದರೆ ಅದು ಅಚ್ಚಾಗಿದ್ದು ಭಾರತದ ಪತ್ರಿಕೆಯಲ್ಲಿ. ಲಂಡನ್ನು, ಬಾಸ್ಟನ್ನುಗಳಲ್ಲಿ ಯಾರೂ ಓದಲಿಲ್ಲ.

ಮೂರನೆಯ ಊರು ದೆಹಲಿ. ಇಲ್ಲಿ ಇಬ್ಬರು ಸ್ವಾರಸ್ಯದ ಮನುಷ್ಯರಿದ್ದಾರೆ. ಒಬ್ಬರು ಹಕೀಮ್ ಅಜ್ಮಲ್ ಖಾನ್. ಯುನಾನಿ ವೈದ್ಯರ ಮನೆತನ, 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು, ಜಾಮಿಯಾ ಮಿಲಿಯಾ ಕಟ್ಟಿದವರಲ್ಲಿ ಒಬ್ಬರು. ಕರೋಲ್ ಬಾಗ್‌ನಲ್ಲಿ ಅವರು ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಉದ್ಘಾಟಿಸಿದ್ದು ಗಾಂಧೀಜಿ. ನಮ್ಮ ಔಷಧಿಗಳನ್ನು ನಾವೇ ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಬೇಕು ಅನ್ನೋದು ಹಕೀಮರ ಹಟ. ಆ ಕೆಲಸಕ್ಕೆ ಅವರು ಆರಿಸಿಕೊಂಡವರು ಸಲೀಮುಜ್ಜಮಾನ್ ಸಿದ್ದೀಕಿ. ಲಕ್ನೋ ಹತ್ತಿರದವರು, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು, ಜೊತೆಗೆ ಚಿತ್ರಕಾರರು ಕೂಡ.

ಸಿದ್ದೀಕಿ ಓದು ಮುಗಿಸಿ ಬಂದಿದ್ದು 1927ರಲ್ಲಿ. ಆ ವರ್ಷದ ಡಿಸೆಂಬರ್‌ನಲ್ಲೇ ಹಕೀಮರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. 1931ರಲ್ಲಿ ಸಿದ್ದೀಕಿ ಮತ್ತು ಅವರ ಸಹೋದ್ಯೋಗಿ ರಫತ್ ಹುಸೇನ್ ಸಿದ್ದೀಕಿ ಸರ್ಪಗಂಧದ ಬೇರಿನಿಂದ ಐದು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಬಿಳಿ ಬಣ್ಣದ ಮೂರಕ್ಕೆ ತಮ್ಮನ್ನು ಬೆಳೆಸಿದ ಹಕೀಮರ ಹೆಸರೇ ಮೂಲ: ಅಜ್ಮಲೀನ್, ಅಜ್ಮಲಿನೀನ್, ಅಜ್ಮಲಿಸೀನ್. ಹಳದಿ ಬಣ್ಣದ ಎರಡಕ್ಕೆ ಹಾವಿನ ಹೆಸರು: ಸರ್ಪೆಂಟೀನ್, ಸರ್ಪೆಂಟಿನೀನ್. ಯುರೋಪಿನ ವೈದ್ಯನ ಹೆಸರು ಹೊತ್ತ ಗಿಡದೊಳಗೆ ದೆಹಲಿಯ ಹಕೀಮರೊಬ್ಬರು ಹೀಗೆ ಶಾಶ್ವತವಾಗಿ ಕೂತುಬಿಟ್ಟರು.

ಅಜ್ಮಲೀನ್ ಈಗಲೂ ಆಸ್ಪತ್ರೆಗಳಲ್ಲಿ ಇದೆ. ನೋಡೋಕೆ ಆರೋಗ್ಯವಾಗಿರೋ ಮನುಷ್ಯರ ಹೃದಯ ಇದ್ದಕ್ಕಿದ್ದಂತೆ ನಿಲ್ಲುವಂತೆ ಮಾಡಬಲ್ಲ ಬ್ರುಗಾಡಾ ಸಿಂಡ್ರೋಮ್ ಅನ್ನೋ ಕಾಯಿಲೆ ಇದೆ. ಕೆಲವರ ಇಸಿಜಿಯಲ್ಲಿ ಅದು ಅಡಗಿ ಕೂತಿರುತ್ತೆ. ಅಂಥವರಿಗೆ ವೈದ್ಯರ ಎದುರಲ್ಲೇ ಅಜ್ಮಲೀನ್ ಅನ್ನು ರಕ್ತನಾಳಕ್ಕೆ ಕೊಟ್ಟು ಇಸಿಜಿ ತೆಗೆದರೆ ಅಡಗಿದ್ದು ಹೊರಗೆ ಬರುತ್ತೆ. ಕರೋಲ್ ಬಾಗ್‌ನ ಬೇರಿಗೆ ಇವತ್ತಿನ ಐಸಿಯುನಲ್ಲಿ ಇಂಥ ಕೆಲಸ ಸಿಗುತ್ತೆ ಅಂತ ಸಿದ್ದೀಕಿ ಅಂದುಕೊಂಡಿರಲಿಕ್ಕಿಲ್ಲ.

ಆದರೆ ಒಂದು ತೊಡಕಿತ್ತು. ಸಿಕ್ಕ ಐದರಲ್ಲಿ ಯಾವುದೂ ಬೇರಿನ ಹಾಗೆ ಮನಸ್ಸನ್ನು ಶಾಂತ ಮಾಡುತ್ತಿರಲಿಲ್ಲ. ಕಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಕರ್ನಲ್ ರಾಮ್ ನಾಥ್ ಚೋಪ್ರಾ ಮತ್ತು ಅವರ ತಂಡ 1933ರಿಂದ ಇದರ ಬೆನ್ನು ಹತ್ತಿದ್ದರು. ಆಲ್ಕಲಾಯ್ಡುಗಳನ್ನೆಲ್ಲ ತೆಗೆದ ಮೇಲೆ ಉಳಿಯುವ ಅಂಟಂಟು ರಾಳದಲ್ಲೇ ನಿದ್ದೆ ತರಿಸುವ ಗುಣ ಉಳಿದಿದೆ ಅನ್ನೋದು ಅವರ ತಂಡಕ್ಕೆ ಕಂಡಿತ್ತು. ನಿಜವಾದ ನಿಧಿ ಕಸದ ಬುಟ್ಟಿಯ ಕಡೆಗೆ ಹೋಗ್ತಾ ಇತ್ತು. ಅದನ್ನು ಹಿಡಿಯೋಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯ್ತು.

ಆನೆ, ಮಾತ್ರೆ, ಮತ್ತು ಬಾಂಬೆಯ ಡಾಕ್ಟರು

ಈ ನಡುವೆ ಬೇರು ಮಾತ್ರೆಯ ರೂಪಕ್ಕೆ ಬಂದಿತ್ತು. 1930ರಲ್ಲಿ ಡೆಹ್ರಾಡೂನ್‌ನಲ್ಲಿ ಎಂ. ಮನಾಲ್ ಶುರು ಮಾಡಿದ ಹಿಮಾಲಯ ಡ್ರಗ್ ಕಂಪನಿ 1934ರಲ್ಲಿ ಸರ್ಪಿನಾ ಅನ್ನೋ ಮಾತ್ರೆ ತಂದಿತು. ಬರ್ಮಾದ ಕಾಡಿನಲ್ಲಿ ಮಾವುತರು ಪುಂಡು ಆನೆಗಳನ್ನು ಸಮಾಧಾನ ಮಾಡೋಕೆ ಈ ಬೇರು ತಿನ್ನಿಸುವುದನ್ನು ಮನಾಲ್ ನೋಡಿದ್ದರಂತೆ, ಅದೇ ಪ್ರೇರಣೆಯಂತೆ. ಇದು ಕಂಪನಿ ತಾನೇ ಹೇಳಿಕೊಳ್ಳುವ ಕಥೆ. ಆ ಕಂಪನಿ ಈಗ ನಮ್ಮ ಬೆಂಗಳೂರಿನದು.

ಬಾಂಬೆಯಲ್ಲಿ ರುಸ್ತುಮ್ ಜಾಲ್ ವಕೀಲ್ ಅನ್ನೋ ಪಾರ್ಸಿ ಡಾಕ್ಟರಿದ್ದರು. ಹುಟ್ಟಿದ್ದು 1911ರಲ್ಲಿ, ಓದಿದ್ದು ಲಂಡನ್‌ನಲ್ಲಿ, ಹೃದ್ರೋಗದಲ್ಲಿ ಪರಿಣತಿ. ಊರಿಗೆ ಮರಳಿ ಬಿಪಿ ರೋಗಿಗಳಿಗೆ ಸರ್ಪಗಂಧ ಕೊಟ್ಟು ನೋಡೋಕೆ ಶುರು ಮಾಡಿದರು. ಇಲ್ಲಿ ವಕೀಲರು ಮಾಡಿದ್ದು ಕೇಳೋಕೆ ಸಣ್ಣ ಕೆಲಸ, ಆದರೆ ಕಥೆಯ ತಿರುವು ಅದೇ. ವರ್ಷಗಟ್ಟಲೆ ಕೊಟ್ಟರು, ಪ್ರತಿ ಸಲ ಅಳೆದರು, ಬರೆದಿಟ್ಟರು. ಕೊನೆಗೆ 50 ರೋಗಿಗಳ ಲೆಕ್ಕವನ್ನು ಒಪ್ಪಮಾಡಿ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹೆಚ್ಚಿನವರಲ್ಲಿ ಬಿಪಿ ಇಳಿದಿತ್ತು. ನಿಧಾನಕ್ಕೆ, ವಾರಗಳ ಮೇಲೆ, ಆದರೆ ಇಳಿದಿತ್ತು.

ಸೇನ್ ಮತ್ತು ಬೋಸ್ ಹದಿನೆಂಟು ವರ್ಷ ಮೊದಲೇ ಹೇಳಿದ್ದರಲ್ಲ ಅಂತ ನೀವು ಕೇಳಬಹುದು. ಹೌದು. ಆದರೆ ಈಗ ಹೇಳಿದ್ದು ಜಗತ್ತಿನ ಹೃದ್ರೋಗ ತಜ್ಞರೆಲ್ಲ ಓದೋ ಪತ್ರಿಕೆಯಲ್ಲಿ, ಅವರಿಗೆ ಅರ್ಥವಾಗೋ ಕೋಷ್ಟಕಗಳಲ್ಲಿ. ಎಲ್ಲಿ ಹೇಳ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ ಅನ್ನೋದು ಅನ್ಯಾಯ ಹೌದು, ವಾಸ್ತವವೂ ಹೌದು.

ಓದಿದವರಲ್ಲಿ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಒಬ್ಬರು. ಇಂಡಿಯಾದಿಂದ ಬೇರಿನ ಮಾತ್ರೆ ತರಿಸಿಕೊಂಡು ತಮ್ಮ ರೋಗಿಗಳಿಗೆ ಕೊಟ್ಟರು. ಬಿಪಿ ಸ್ವಲ್ಪ ಇಳಿಯಿತು. ಅದಕ್ಕಿಂತ ಅವರಿಗೆ ಸೋಜಿಗ ಅನ್ನಿಸಿದ್ದು ಇನ್ನೊಂದು: ರೋಗಿಗಳು ನಿರಾಳವಾಗುತ್ತಿದ್ದರು. ತೂಕಡಿಸುತ್ತಿರಲಿಲ್ಲ, ಮಂಕಾಗುತ್ತಿರಲಿಲ್ಲ, ಸುಮ್ಮನೆ ಚಿಂತೆ ಕಮ್ಮಿ ಆಗ್ತಿತ್ತು. ಬಿಹಾರದ ಸಂತೆಯಲ್ಲಿ ಬೇರು ಮಾರುತ್ತಿದ್ದವನಿಗೆ ಗೊತ್ತಿದ್ದದ್ದನ್ನು ಬಾಸ್ಟನ್ನಿನ ಪ್ರೊಫೆಸರು ಮೊದಲ ಬಾರಿಗೆ ಕಂಡರು.

ಕಸದಿಂದ ಎದ್ದ ರಿಸರ್ಪಿನ್

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಿಬಾ ಕಂಪನಿಯಲ್ಲಿ ಎಮಿಲ್ ಶ್ಲಿಟ್ಲರ್, ಯೊಹಾನೆಸ್ ಮ್ಯುಲರ್, ಹ್ಯೂಗೊ ಬೈನ್ ಎಂಬ ಮೂವರು ಆ ಉಳಿಕೆ ರಾಳವನ್ನೇ ಸೋಸೋಕೆ ಕೂತರು. 1952ರಲ್ಲಿ ಹರಳಿನ ರೂಪದಲ್ಲಿ ಸಿಕ್ಕ ವಸ್ತುವಿಗೆ ರಿಸರ್ಪಿನ್ ಅಂತ ಹೆಸರಿಟ್ಟರು. ಬೇರಿನ ಪುಡಿಯನ್ನು ಗ್ರಾಂ ಲೆಕ್ಕದಲ್ಲಿ ನುಂಗಬೇಕಿತ್ತು; ರಿಸರ್ಪಿನ್ ಮಿಲಿಗ್ರಾಂನ ಸಣ್ಣ ಭಾಗ ಸಾಕು. ಅದಕ್ಕಿಂತ ಮುಖ್ಯವಾದ ಲಾಭ, ಪ್ರತಿ ಮಾತ್ರೆಯಲ್ಲೂ ಒಂದೇ ಪ್ರಮಾಣ. ಬೇರು ಹಾಗಲ್ಲ. ಯಾವ ಕಾಡಿನದು, ಯಾವ ಋತುವಿನಲ್ಲಿ ಕಿತ್ತಿದ್ದು, ಎಷ್ಟು ಹಳೆಯದು ಅನ್ನೋದರ ಮೇಲೆ ಅದರ ಬಲ ಬದಲಾಗುತ್ತೆ. ಇವತ್ತು ಕೊಟ್ಟ ಚಮಚ ನಾಳೆ ಕೊಟ್ಟ ಚಮಚಕ್ಕೆ ಸಮ ಅಲ್ಲ.

1956ರಲ್ಲಿ ಹಾರ್ವರ್ಡ್‌ನ ರಾಬರ್ಟ್ ವುಡ್‌ವರ್ಡ್ ರಿಸರ್ಪಿನ್ ಅಣುವನ್ನು ಪ್ರಯೋಗಾಲಯದಲ್ಲೇ ಸೊನ್ನೆಯಿಂದ ಕಟ್ಟಿ ತೋರಿಸಿದರು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಇವತ್ತಿಗೂ ಓದ್ತಾರೆ. ಆದರೂ ಅಂಗಡಿಯ ಮಾತ್ರೆಗೆ ಬೇರೇ ಅಗ್ಗವಾಗಿತ್ತು. ಬೇಡಿಕೆ ಏರಿದಂತೆ ಭಾರತ ಬೇರಿನ ರಫ್ತಿಗೆ ಕಡಿವಾಣ ಹಾಕಿತು, ಕಂಪನಿಗಳು ಆಫ್ರಿಕಾದಲ್ಲಿ ಬೆಳೆಯುವ ಇದೇ ಕುಲದ ಇನ್ನೊಂದು ಗಿಡದ ಕಡೆ ತಿರುಗಿದವು.

ಇಷ್ಟರಲ್ಲಿ ರಿಸರ್ಪಿನ್ ಮಾನಸಿಕ ಆಸ್ಪತ್ರೆಗಳಿಗೂ ಕಾಲಿಟ್ಟಿತ್ತು. 1955ರ ಹೊತ್ತಿಗೆ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಸರಪಳಿ, ಶಾಕ್, ಮೆದುಳಿನ ಆಪರೇಷನ್ ಇವೇ ಚಿಕಿತ್ಸೆಗಳು. ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ನೂರಾರು ರೋಗಿಗಳಿಗೆ ಸರ್ಪಗಂಧ, ರಿಸರ್ಪಿನ್ ಕೊಟ್ಟು ಫಲಿತಾಂಶವನ್ನು 1954ರಲ್ಲಿ ಪ್ರಕಟಿಸಿದರು. ಅದೇ ಕಾಲಕ್ಕೆ ಫ್ರಾನ್ಸಿನಿಂದ ಕ್ಲೋರ್‌ಪ್ರೊಮಜೀನ್ ಬಂತು. ಈ ಎರಡು ಔಷಧಗಳು ಸೇರಿ ಹುಚ್ಚು ಅನ್ನೋದನ್ನು ಬೀಗ ಹಾಕಿಡೋ ವಿಷಯದಿಂದ ಚಿಕಿತ್ಸೆ ಕೊಡೋ ವಿಷಯವನ್ನಾಗಿ ಬದಲಿಸಿದವು. 1957ರ ಲಾಸ್ಕರ್ ಪ್ರಶಸ್ತಿ ಈ ಕೆಲಸಗಳಿಗೆ ಬಂತು. ಪಡೆದವರ ಪಟ್ಟಿಯಲ್ಲಿ ಕ್ಲೈನ್ ಇದ್ದರು, ಫ್ರಾನ್ಸಿನವರಿದ್ದರು, ಬಾಂಬೆಯ ರುಸ್ತುಮ್ ಜಾಲ್ ವಕೀಲರೂ ಇದ್ದರು. ಸೇನ್, ಬೋಸ್, ಸಿದ್ದೀಕಿ ಇರಲಿಲ್ಲ.

ಸಿದ್ದೀಕಿ ಅಷ್ಟರಲ್ಲಿ ಬೇರೆ ದೇಶದಲ್ಲಿದ್ದರು. 1942ರಲ್ಲಿ ಬೇವಿನೆಣ್ಣೆಯಿಂದ ನಿಂಬಿನ್ ಬೇರ್ಪಡಿಸಿದ್ದೂ ಅವರೇ. 1951ರಲ್ಲಿ ಪಾಕಿಸ್ತಾನದ ಆಹ್ವಾನದ ಮೇಲೆ ಅಲ್ಲಿಗೆ ಹೋಗಿ, ಅಲ್ಲಿನ ವಿಜ್ಞಾನ ಸಂಸ್ಥೆಗಳನ್ನು ಕಟ್ಟಿದರು. 1994ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ದೆಹಲಿಯ ಹಕೀಮರ ಹೆಸರಿನ ಅಣುವನ್ನು ಕಂಡವರು ಕರಾಚಿಯ ಮಣ್ಣಿನಲ್ಲಿದ್ದಾರೆ. ಅವರನ್ನು ಎರಡೂ ದೇಶಗಳು ತಮ್ಮವರು ಅನ್ನಬಹುದು. ನಮ್ಮಲ್ಲಿ ಎಷ್ಟು ಜನ ಅವರ ಹೆಸರು ಕೇಳಿದ್ದೀವಿ ಅನ್ನೋದು ಬೇರೆ ಪ್ರಶ್ನೆ.

ಅಡ್ಡಪರಿಣಾಮವೇ ಪಾಠವಾಯ್ತು

ರಿಸರ್ಪಿನ್ ಮಾಡೋದು ಏನು? ನರಕೋಶವನ್ನು ಒಂದು ಅಂಗಡಿ ಅಂತ ಇಟ್ಟುಕೊಳ್ಳಿ. ಅಂಗಡಿಯ ಹಿಂದೆ ಸಣ್ಣ ಸಣ್ಣ ಗೋದಾಮುಗಳಿವೆ. ಅಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್, ಡೋಪಮಿನ್ ಎಂಬ ಸರಕು ತುಂಬಿರುತ್ತೆ. ಸಂದೇಶ ಕಳಿಸಬೇಕಾದಾಗ ಅದನ್ನು ಹೊರಗೆ ಬಿಡೋದು. ಸರಕನ್ನು ಗೋದಾಮಿಗೆ ತುಂಬೋಕೆ ಒಂದು ಪಂಪ್ ಇದೆ. ರಿಸರ್ಪಿನ್ ಆ ಪಂಪನ್ನೇ ಕಟ್ಟಿಹಾಕುತ್ತೆ. ಹೊರಗೆ ಬಿದ್ದ ಸರಕನ್ನು ಕೋಶದ ಕಿಣ್ವಗಳು ಒಡೆದು ಮುಗಿಸುತ್ತವೆ. ಗೋದಾಮು ಖಾಲಿ. ರಕ್ತನಾಳವನ್ನು ಬಿಗಿಯೋ ಸಂದೇಶ ಹೋಗೋದಿಲ್ಲ, ಬಿಪಿ ಇಳಿಯುತ್ತೆ. ಮೆದುಳಿನಲ್ಲೂ ಅದೇ ಆಗುತ್ತೆ, ಮನಸ್ಸು ತಣ್ಣಗಾಗುತ್ತೆ. ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ.

1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿ ಅವರ ಪ್ರಯೋಗಾಲಯ ರಿಸರ್ಪಿನ್ ಕೊಟ್ಟರೆ ಸೆರೊಟೋನಿನ್ ಬರಿದಾಗುತ್ತೆ ಅಂತ ತೋರಿಸಿತು. ಔಷಧಕ್ಕೂ ಮೆದುಳಿನ ರಾಸಾಯನಿಕಕ್ಕೂ ನಡವಳಿಕೆಗೂ ನೇರ ಗಂಟು ಬಿದ್ದ ಮೊದಲ ಸಂದರ್ಭಗಳಲ್ಲಿ ಅದು ಒಂದು. ಅಲ್ಲಿ ಕೆಲವು ತಿಂಗಳು ಕೆಲಸ ಕಲಿತು ಸ್ವೀಡನ್ನಿಗೆ ಮರಳಿದ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಒಂದು ಪ್ರಯೋಗ ಮಾಡಿದರು. ಮೊಲಗಳಿಗೆ ರಿಸರ್ಪಿನ್ ಕೊಟ್ಟರು; ಮೊಲಗಳು ಕಲ್ಲಿನ ಹಾಗೆ ಕೂತವು, ಕಿವಿ ಜೋತುಬಿದ್ದವು. ಆಮೇಲೆ ಡೋಪ ಅನ್ನೋ ವಸ್ತುವನ್ನು ಕೊಟ್ಟರು. ಸ್ವಲ್ಪ ಹೊತ್ತಿಗೆ ಮೊಲಗಳು ಎದ್ದು ಓಡಾಡಿದವು! ಡೋಪ ದೇಹದಲ್ಲಿ ಡೋಪಮಿನ್ ಆಗುತ್ತೆ. ಅಲ್ಲಿಯವರೆಗೆ ಡೋಪಮಿನ್ ಅಂದರೆ ಇನ್ನೊಂದು ರಾಸಾಯನಿಕ ಆಗುವ ದಾರಿಯ ಮಧ್ಯದ ನಿಲ್ದಾಣ ಅಂತಷ್ಟೇ ಎಲ್ಲರೂ ತಿಳಿದಿದ್ದರು. ಅದೇ ಸ್ವತಃ ಚಲನೆಯ ಸಂದೇಶವಾಹಕ ಅಂತ ಈ ಜಾಡಿನಲ್ಲಿ ಗೊತ್ತಾಯ್ತು.

ಕೂತಲ್ಲೇ ಮರಗಟ್ಟಿದ ಮೊಲ ಪಾರ್ಕಿನ್ಸನ್ ರೋಗಿಯನ್ನು ನೆನಪಿಸುತ್ತಿತ್ತು. ವಿಯೆನ್ನಾದಲ್ಲಿ ಓಲೆ ಹಾರ್ನಿಕಿವಿಚ್ ಪಾರ್ಕಿನ್ಸನ್‌ನಿಂದ ತೀರಿಹೋದವರ ಮೆದುಳಿನಲ್ಲಿ ಡೋಪಮಿನ್ ಕೊರತೆ ಇರೋದನ್ನು 1960ರಲ್ಲಿ ತೋರಿಸಿದರು. ಲೆವೊಡೋಪ ಚಿಕಿತ್ಸೆ ಬಂತು. ಇವತ್ತಿಗೂ ಪಾರ್ಕಿನ್ಸನ್‌ಗೆ ಅದೇ ಮುಖ್ಯ ಔಷಧ. ಕಾರ್ಲ್‌ಸನ್‌ಗೆ 2000ನೇ ಇಸವಿಯಲ್ಲಿ ನೊಬೆಲ್ ಬಂತು. ಇನ್‌ಸ್ಟಾಗ್ರಾಂ ರೀಲ್ಸ್ ಬಗ್ಗೆ ಮಾತಾಡುವಾಗ ಎಲ್ಲರೂ ಡೋಪಮಿನ್ ಡೋಪಮಿನ್ ಅಂತೀವಲ್ಲ, ಆ ಪದ ನಮ್ಮ ಬಾಯಿಗೆ ಬಂದ ದಾರಿಯಲ್ಲಿ ಸರ್ಪಗಂಧದ ಬೇರೂ ಇದೆ.

ಖಿನ್ನತೆಯ ಕಥೆ ಇನ್ನೂ ಸಂಕೀರ್ಣ. ಬಿಪಿಗೆ ರಿಸರ್ಪಿನ್ ತಗೊಂಡ ಕೆಲವರು ಖಿನ್ನರಾದರು ಅನ್ನೋ ವರದಿಗಳು ಬಂದವು. ರಾಸಾಯನಿಕ ಬರಿದಾದರೆ ಖಿನ್ನತೆ, ಹಾಗಾದ್ರೆ ಖಿನ್ನತೆ ಅಂದ್ರೆ ರಾಸಾಯನಿಕದ ಕೊರತೆ ಅನ್ನೋ ವಾದ 1960ರ ದಶಕದಲ್ಲಿ ಗಟ್ಟಿಯಾಯ್ತು. ಆದರೆ 1955ರಲ್ಲೇ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಡೇವಿಸ್ ಮತ್ತು ಶೆಪರ್ಡ್ ನಡೆಸಿದ ಪ್ರಯೋಗದಲ್ಲಿ ಆತಂಕ, ಖಿನ್ನತೆ ಇದ್ದ ರೋಗಿಗಳಿಗೆ ರಿಸರ್ಪಿನ್‌ನಿಂದ ಉಪಯೋಗವೇ ಆಗಿತ್ತು! ಆ ಲೇಖನ ಬಹುಕಾಲ ಮೂಲೆ ಸೇರಿತ್ತು. ಎಲ್ಲರಿಗೂ ಒಪ್ಪಿಗೆಯಾದ ಕಥೆಗೆ ಹೊಂದದ ಪುರಾವೆಯ ಗತಿ ವಿಜ್ಞಾನದಲ್ಲೂ ಕೆಲವೊಮ್ಮೆ ಇಷ್ಟೇ.

ಮೂರ್ಖರೇ ಗೆದ್ದರು

ಜಾನ್ ಹೇ ಎತ್ತಿದ್ದ ಪ್ರಶ್ನೆ ಮಾತ್ರ ಇನ್ನೂ ಉಳಿದಿತ್ತು. ಬಿಪಿ ಇಳಿಸಬಹುದು ಸರಿ. ಇಳಿಸಿದರೆ ಮನುಷ್ಯ ಹೆಚ್ಚು ದಿನ ಬದುಕ್ತಾನಾ?

ಉತ್ತರ ಕೊಟ್ಟಿದ್ದು ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ. ಬಿಪಿಯ ಕೆಳಗಿನ ಸಂಖ್ಯೆ 115ರಿಂದ 129ರವರೆಗೆ ಇದ್ದ 143 ಗಂಡಸರು. ಅರ್ಧದಷ್ಟು ಜನಕ್ಕೆ ಮೂರು ಔಷಧ, ಅದರಲ್ಲೊಂದು ರಿಸರ್ಪಿನ್. ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. 1967ರಲ್ಲಿ ಫಲಿತಾಂಶ ಬಂದಾಗ ಹುಸಿ ಮಾತ್ರೆಯ ಗುಂಪಿನಲ್ಲಿ 27 ಜನಕ್ಕೆ ಗಂಭೀರ ತೊಂದರೆಗಳಾಗಿದ್ದವು, ಅವರಲ್ಲಿ ನಾಲ್ವರು ಸತ್ತಿದ್ದರು. ಔಷಧದ ಗುಂಪಿನಲ್ಲಿ ತೊಂದರೆಯಾದದ್ದು 2 ಜನಕ್ಕೆ, ಸಾವು ಒಂದೂ ಇಲ್ಲ. ಬಿಪಿ ಇಳಿಸಬೇಕೋ ಬೇಡವೋ ಅನ್ನೋ ಚರ್ಚೆ ಅಲ್ಲಿಂದ ಮುಂದೆ ದಿಕ್ಕು ಬದಲಿಸಿತು. ರೂಸ್ವೆಲ್ಟ್ ಸತ್ತು 22 ವರ್ಷವಾಗಿತ್ತು.

ಹಾಗಾದ್ರೆ ಇವತ್ತು ನಿಮ್ಮ ಅಪ್ಪ ಅಮ್ಮನ ಮಾತ್ರೆ ಡಬ್ಬಿಯಲ್ಲಿ ರಿಸರ್ಪಿನ್ ಯಾಕಿಲ್ಲ? 1974ರಲ್ಲಿ ಇದಕ್ಕೂ ಸ್ತನ ಕ್ಯಾನ್ಸರಿಗೂ ನಂಟಿದೆ ಅಂತ ಮೂರು ಅಧ್ಯಯನಗಳು ಒಟ್ಟಿಗೆ ಬಂದವು. ನಂತರದ ಅಧ್ಯಯನಗಳು ಅದನ್ನು ಎತ್ತಿಹಿಡಿಯಲಿಲ್ಲ, ಆದರೆ ಕೆಟ್ಟ ಹೆಸರು ಹೋಗಲಿಲ್ಲ. ಅಷ್ಟರಲ್ಲಿ ಇನ್ನೂ ಸಲೀಸಾದ ಔಷಧಗಳು ಬಂದಿದ್ದವು. ಅದರಲ್ಲೊಂದು 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಪ್ಟೊಪ್ರಿಲ್. ಈಗ ಎಲ್ಲರಿಗೂ ಗೊತ್ತಿರೋ ರಾಮಿಪ್ರಿಲ್ ಅದರದ್ದೇ ವಂಶ. ಅದನ್ನು ರೂಪಿಸೋಕೆ ದಾರಿ ತೋರಿಸಿದ್ದು ಏನು ಗೊತ್ತಾ? ಬ್ರೆಜಿಲ್‌ನ ಒಂದು ಮಂಡಲದ ಜಾತಿಯ ಹಾವಿನ ವಿಷ. ಹಾವಿನ ಹೆಸರು ಹೊತ್ತ ಬೇರನ್ನು ಕೊನೆಗೆ ಬದಿಗೆ ಸರಿಸಿದ್ದರಲ್ಲಿ ನಿಜವಾದ ಹಾವಿನ ಪಾಲೂ ಇತ್ತು.

ಉಳಿದದ್ದು

ಇದು ಯಾರ ಸಂಶೋಧನೆ ಅಂತ ಒಂದೇ ಹೆಸರು ಬರೀರಿ ಅಂದ್ರೆ ಬರೆಯೋಕೆ ಆಗೋದಿಲ್ಲ. ಬೇರು ಮಾರುತ್ತಿದ್ದವನಿಗೆ ಅದು ಮನಸ್ಸನ್ನು ಶಾಂತ ಮಾಡುತ್ತೆ ಅಂತ ಗೊತ್ತಿತ್ತು. ಸೇನ್, ಬೋಸ್ ಅದರ ಜೊತೆ ಬಿಪಿ ಯಂತ್ರ ಇಟ್ಟು ನೋಡಿದರು. ಸಿದ್ದೀಕಿ ಒಳಗೇನಿದೆ ಅಂತ ಬಿಡಿಸಿದರು. ವಕೀಲರು ಎಣಿಸಿ ಬರೆದರು. ಬಾಸೆಲ್‌ನವರು ಉಳಿಕೆಯನ್ನು ಎಸೆಯಲಿಲ್ಲ. ಕಾರ್ಲ್‌ಸನ್ ಅಡ್ಡಪರಿಣಾಮವನ್ನೇ ಪ್ರಶ್ನೆ ಮಾಡಿಕೊಂಡರು. ಫ್ರೈಸ್ ಪ್ರಾಣ ಉಳೀತಾ ಅಂತ ಕೇಳಿದರು. ಒಬ್ಬೊಬ್ಬರೂ ಹಿಂದಿನವರು ಕೇಳದ ಒಂದೊಂದು ಪ್ರಶ್ನೆ ಕೇಳಿದರು, ಅಷ್ಟೇ. ಇದರಲ್ಲಿ ಯಾವ ಕೊಂಡಿ ಕಳಚಿದರೂ ಸರಪಳಿ ಮುಂದೆ ಹೋಗ್ತಿರಲಿಲ್ಲ.

ಅಜ್ಮಲ್ ಖಾನ್ ಹಟ ಹಿಡಿದಿದ್ದೂ ಇದಕ್ಕೇ. ನಮ್ಮದು ಅಂತ ಹೆಮ್ಮೆ ಇದ್ದಿದ್ದರಿಂದಲೇ ಅವರು ಅದನ್ನು ಪರೀಕ್ಷೆಗೆ ಒಡ್ಡಿದರು. ಹೆಮ್ಮೆ ಇದೆ, ಆದ್ದರಿಂದ ಪರೀಕ್ಷೆ ಬೇಡ ಅನ್ನಲಿಲ್ಲ.

ಸರ್ಪಗಂಧದ ಮಾತ್ರೆ, ಪುಡಿ ಈಗಲೂ ಗ್ರಂಥಿಗೆ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತೆ. ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ ಅಂತ ಯಾರಾದರೂ ಹೇಳಿದರೆ ಆ ಮೊಲಗಳನ್ನು ನೆನಪು ಮಾಡಿಕೊಳ್ಳಿ. ಬೇರಿನಲ್ಲಿರೋ ರಿಸರ್ಪಿನ್ ಫ್ಯಾಕ್ಟರಿಯ ರಿಸರ್ಪಿನ್‌ನಷ್ಟೇ ನಿಜ, ಎಷ್ಟಿದೆ ಅಂತ ಗೊತ್ತಿಲ್ಲದಿರೋದೊಂದೇ ವ್ಯತ್ಯಾಸ. ಖಿನ್ನತೆಗೆ, ಹೃದಯಕ್ಕೆ, ಬಿಪಿಗೆ ಈಗಾಗಲೇ ಮಾತ್ರೆ ತಗೊಳ್ತಾ ಇರೋರು ಡಾಕ್ಟರಿಗೆ ಹೇಳದೆ ಇದನ್ನು ಮುಟ್ಟಬಾರದು. ಮನೆಯ ಹಿರಿಯರು ಏನೇನು ಪುಡಿ, ಲೇಹ್ಯ ತಗೊಳ್ತಿದ್ದಾರೆ ಅಂತ ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ಕೇಳಿ, ಡಾಕ್ಟರ ಚೀಟಿಯ ಪಕ್ಕದಲ್ಲೇ ಅದನ್ನೂ ಬರೆದಿಡಿ.

ಇನ್ನು ಗಿಡದ ಪಾಡು. ಔಷಧ ಇರೋದು ಬೇರಿನಲ್ಲಿ. ಬೇರು ಬೇಕಾದರೆ ಗಿಡವನ್ನೇ ಕೀಳಬೇಕು. ಕಿತ್ತೂ ಕಿತ್ತೂ ಕಾಡಿನಲ್ಲಿ ಅದು ಎಷ್ಟು ಕಡಿಮೆಯಾಯಿತೆಂದರೆ 1990ರಿಂದ ಸರ್ಪಗಂಧದ ಅಂತಾರಾಷ್ಟ್ರೀಯ ವ್ಯಾಪಾರದ ಮೇಲೆ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ. ಪಶ್ಚಿಮ ಘಟ್ಟದ ಚಾರಣಕ್ಕೆ ಹೋದಾಗ ದಾರಿ ಬದಿಯ ನೆರಳಲ್ಲಿ ಮೂರು ಮೂರು ಎಲೆಯ, ಕೆಂಪು ತೊಟ್ಟಿನ ಬಿಳಿ ಹೂವಿನ ಗಿಡ ಕಂಡರೆ ಫೋಟೋ ತೆಗೀರಿ. ಕೀಳಬೇಡಿ.